ಒಳಗೊಳ್ಳುವ ನೇತ್ರ ಆರೋಗ್ಯ ಯೋಜನೆಗಳ ಮೌಲ್ಯಮಾಪನ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಗೂ ಸರ್ಕಾರದ ಅನುದಾನದಿಂದ ನಡೆಯುವ ನೇತ್ರ ತಪಾಸಣಾ ಶಿಬಿರಗಳಲ್ಲಿ ಹೆಸರು ನೋಂದಾಯಿಸುವವರಿಂದ ವಯಸ್ಸು, ಲಿಂಗ, ವಾಸಸ್ಥಳ ಮುಂತಾದ ವಿವರಗಳನ್ನು ಪಡೆಯಲಾಗುತ್ತದೆ. ಕೆಲವು ಯೋಜನೆಗಳಲ್ಲಿ ನಡೆಯಲು, ಕೇಳಲು ಅಥವಾ ನೆನಪಿಟ್ಟುಕೊಳ್ಳಲು ತೊಂದರೆ ಇದೆಯೇ ಎಂಬ ಪ್ರಶ್ನೆಗಳನ್ನೂ ಕೇಳಲಾಗುತ್ತದೆ. ಶಸ್ತ್ರಚಿಕಿತ್ಸೆ ಮುಗಿದ ಕೆಲವು ವಾರಗಳ ನಂತರ ಪುನಃ ಬರುವಂತೆ ಸೂಚಿಸಲಾಗುತ್ತದೆ. ಕಣ್ಣು ತೋರಿಸಲು ಬಂದವರಿಗೆ ಇಷ್ಟೆಲ್ಲಾ ವಿಚಾರಣೆ ಏತಕ್ಕೆ ಎಂಬ ಸಂದೇಹ ಉಂಟಾಗುವುದು ಸಹಜ.

ನೇತ್ರ ಆರೋಗ್ಯ ಯೋಜನೆಯೊಂದು ತನ್ನ ಉದ್ದೇಶವನ್ನು ಸಾಧಿಸಿದೆಯೇ, ಯಾರನ್ನು ತಲುಪಿದೆ, ಯಾರನ್ನು ಬಿಟ್ಟಿದೆ ಎಂಬುದನ್ನು ಈ ವಿವರಗಳ ಆಧಾರದ ಮೇಲೆಯೇ ನಿರ್ಣಯಿಸಲಾಗುತ್ತದೆ. ಈ ನಿರ್ಣಯದ ಕ್ರಮವನ್ನು ಮೌಲ್ಯಮಾಪನ ಎನ್ನಲಾಗುತ್ತದೆ. ಭಾರತದ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಉದಾಹರಣೆಯಾಗಿ ಇಟ್ಟುಕೊಂಡು ಸದರಿ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಭಾರತ ಸರ್ಕಾರವು 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದಕ್ಕೂ ಮುಂಚಿನಿಂದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯು ಗ್ರಾಮಾಂತರ ಪ್ರದೇಶಗಳಿಗೆ ಮುಖ್ಯವಾಗಿ ಶಿಬಿರಗಳ ಮೂಲಕ ತಲುಪುತ್ತಿತ್ತು. ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿ (1916-2005) ಅವರು ನಡೆಸಿದ ಸಾಮೂಹಿಕ ನೇತ್ರ ಶಿಬಿರಗಳನ್ನು ಕರ್ನಾಟಕದ ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಆಸ್ಪತ್ರೆಗಳು ವಿರಳವಾಗಿದ್ದ ಕಾಲದಲ್ಲಿ ಶಿಬಿರಗಳು ಸಾವಿರಾರು ಮಂದಿಗೆ ಏಕೈಕ ಆಸರೆಯಾಗಿದ್ದವು.

ವಿಶ್ವ ಬ್ಯಾಂಕಿನ ನೆರವಿನಿಂದ 1994ರಿಂದ 2002ರವರೆಗೆ ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶ ಮತ್ತು ಒರಿಸ್ಸಾ ಎಂಬ ಏಳು ರಾಜ್ಯಗಳಲ್ಲಿ ಕಣ್ಣಿನ ಪೊರೆಯ ಅಂಧತ್ವ ನಿಯಂತ್ರಣ ಯೋಜನೆ ಜಾರಿಯಲ್ಲಿತ್ತು. ಕರ್ನಾಟಕದಲ್ಲಿ 1990ರ ದಶಕದಲ್ಲಿ ಡೆನ್ಮಾರ್ಕ್ ಸರ್ಕಾರದ ಡಾನಿಡಾ ಸಂಸ್ಥೆಯ ನೆರವು ದೊರೆತಿತ್ತು. ವಿಶ್ವ ಬ್ಯಾಂಕ್ ಯೋಜನೆಯಡಿ ಸುಮಾರು 1.1 ಕೋಟಿ ಶಸ್ತ್ರಚಿಕಿತ್ಸೆಗಳ ಗುರಿಗೆ ಪ್ರತಿಯಾಗಿ 1.5 ಕೋಟಿಗೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಕಣ್ಣಿನೊಳಗೆ ಕೃತಕ ಮಸೂರವನ್ನು ಅಳವಡಿಸುವ ವಿಧಾನಕ್ಕೆ ಹಾಗೂ ಶಿಬಿರದ ಬದಲು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಚಿಕಿತ್ಸೆ ನೀಡುವ ಪದ್ಧತಿಗೆ ದೇಶವು ಹೊರಳಿದ್ದು ಈ ಅವಧಿಯಲ್ಲಿ. ಈಗ ಶಿಬಿರಗಳಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ. ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಲ್ಲಿ ಮಾತ್ರ ಕೈಗೊಳ್ಳಬೇಕಾಗಿದೆ.

2017ರಲ್ಲಿ ಕಾರ್ಯಕ್ರಮವನ್ನು ರಾಷ್ಟ್ರೀಯ ಅಂಧತ್ವ ಮತ್ತು ದೃಷ್ಟಿದೋಷ ನಿಯಂತ್ರಣ ಕಾರ್ಯಕ್ರಮ ಎಂದು ಮರುನಾಮಕರಣ ಮಾಡಲಾಯಿತು. ಕರ್ನಾಟಕದಲ್ಲಿ 2022ರಲ್ಲಿ ಆರಂಭವಾದ ಆಶಾಕಿರಣ ಯೋಜನೆಯ ಮೊದಲ ಹಂತದಲ್ಲಿ ಕಲಬುರಗಿ, ಹಾವೇರಿ, ಚಾಮರಾಜನಗರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮನೆಮನೆಗೆ ತೆರಳಿ ನೇತ್ರ ತಪಾಸಣೆ ನಡೆಸುವ ಕ್ರಮವನ್ನು ಅನುಸರಿಸಲಾಯಿತು.

3. ಒಳಗೊಳ್ಳುವ ಯೋಜನೆ ಎಂದರೇನು?

ಸೇವೆಯು ಉಚಿತವಾಗಿದೆ ಎಂಬ ಮಾತ್ರಕ್ಕೆ ಅದು ಎಲ್ಲರನ್ನೂ ತಲುಪುವುದಿಲ್ಲ. ಶ್ರವಣದೋಷವುಳ್ಳ ವೃದ್ಧೆಗೆ ಧ್ವನಿವರ್ಧಕದ ಪ್ರಕಟಣೆ ಕೇಳಿಸದು. ಗಾಲಿಕುರ್ಚಿ ಬಳಸುವವರು ಇಳಿಜಾರು ಹಾದಿಯಿಲ್ಲದ ಆಸ್ಪತ್ರೆಯ ಮೆಟ್ಟಿಲ ಬಳಿಯೇ ನಿಲ್ಲಬೇಕಾಗುತ್ತದೆ. ಬೌದ್ಧಿಕ ಅಸಾಮರ್ಥ್ಯವುಳ್ಳವರು ಅಕ್ಷರ ಫಲಕವನ್ನು ಓದಲಾರರು ಎಂಬ ಕಾರಣದಿಂದ ಅವರ ದೃಷ್ಟಿಯನ್ನು ಅಳೆಯದೆಯೇ ಹಿಂದಕ್ಕೆ ಕಳುಹಿಸುವ ಸಂಭವವಿರುತ್ತದೆ. ಕರೆದುಕೊಂಡು ಬರುವವರಿಲ್ಲದ ಒಂಟಿ ಮಹಿಳೆಗೆ ಆಸ್ಪತ್ರೆಯ ವಾಹನವು ಊರಿಗೆ ಬಂದರೂ ಉಪಯೋಗವಾಗದಿರಬಹುದು.

ಇಂತಹ ಅಡೆತಡೆಗಳನ್ನು ಮೊದಲೇ ಗುರುತಿಸಿ, ಅವುಗಳನ್ನು ನಿವಾರಿಸಿ, ಮಹಿಳೆಯರು, ವಿಕಲಚೇತನರು, ಬಡವರು, ವೃದ್ಧರು ಹಾಗೂ ದೂರದ ಊರುಗಳ ನಿವಾಸಿಗಳಿಗೆ ಇತರರಷ್ಟೇ ಪ್ರಮಾಣದಲ್ಲಿ ಮತ್ತು ಇತರರಷ್ಟೇ ಗುಣಮಟ್ಟದಲ್ಲಿ ಸೇವೆ ದೊರೆಯುವಂತೆ ರೂಪಿಸಿದ ಯೋಜನೆಯನ್ನು ಒಳಗೊಳ್ಳುವ ಯೋಜನೆ ಎನ್ನಲಾಗುತ್ತದೆ. ಇದಕ್ಕೆ ಕಾನೂನಿನ ಆಧಾರವೂ ಇದೆ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 25ನೇ ಪ್ರಕರಣವು ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡರಲ್ಲಿಯೂ ಅಡೆತಡೆರಹಿತ ಪ್ರವೇಶಕ್ಕೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆಗೆ ಅವಕಾಶ ಕಲ್ಪಿಸಿದೆ.

4. ಶಸ್ತ್ರಚಿಕಿತ್ಸೆಗಳ ಸಂಖ್ಯೆಯಷ್ಟೇ ಏಕೆ ಸಾಲದು?

ವಾರ್ಷಿಕ ವರದಿಗಳಲ್ಲಿ ಗುರಿ ಮತ್ತು ಸಾಧನೆ ಎಂಬ ಎರಡು ಅಂಕಣಗಳಿರುತ್ತವೆ. ಸಾಧನೆಯು ಗುರಿಯನ್ನು ಮೀರಿದರೆ ಯೋಜನೆ ಯಶಸ್ವಿಯಾಯಿತೆಂದು ಭಾವಿಸುವುದು ವಾಡಿಕೆ. ಆದರೆ ಶಸ್ತ್ರಚಿಕಿತ್ಸೆಗಳ ಸಂಖ್ಯೆಯು ಈ ಕೆಳಕಂಡ ಅಂಶಗಳನ್ನು ತಿಳಿಸುವುದಿಲ್ಲ.

(ಅ) ಸಂಖ್ಯೆಯು ಕಣ್ಣುಗಳನ್ನು ಎಣಿಸುತ್ತದೆ, ವ್ಯಕ್ತಿಗಳನ್ನಲ್ಲ. ಒಬ್ಬರೇ ವ್ಯಕ್ತಿಯ ಎರಡೂ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಯಾದರೆ ಲೆಕ್ಕದಲ್ಲಿ ಎರಡು ಎಂದಾಗುತ್ತದೆ.

(ಆ) ಒಂದು ಕಣ್ಣು ಚೆನ್ನಾಗಿ ಕಾಣುತ್ತಿದ್ದವರಿಗೆ ಆದ ಶಸ್ತ್ರಚಿಕಿತ್ಸೆಯೂ, ಎರಡೂ ಕಣ್ಣು ಕಾಣದೆ ಮನೆಯಲ್ಲಿ ಕುಳಿತವರಿಗೆ ಆದ ಶಸ್ತ್ರಚಿಕಿತ್ಸೆಯೂ ಒಂದೇ ಎಂದು ಎಣಿಸಲ್ಪಡುತ್ತವೆ.

(ಇ) ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಬಂದಿತೇ ಎಂಬುದು ಅದರಲ್ಲಿ ಇಲ್ಲ.

(ಈ) ಆಸ್ಪತ್ರೆಗೆ ಬಾರದೇ ಉಳಿದವರ ಸುಳಿವು ಅದರಲ್ಲಿ ಇಲ್ಲವೇ ಇಲ್ಲ.

ಮೂರನೆಯ ಅಂಶದ ಮಹತ್ವವನ್ನು 2015-19ರ ರಾಷ್ಟ್ರೀಯ ಅಂಧತ್ವ ಮತ್ತು ದೃಷ್ಟಿದೋಷ ಸಮೀಕ್ಷೆಯು ತೋರಿಸಿದೆ. 31 ಜಿಲ್ಲೆಗಳಲ್ಲಿ ನಡೆದ ಸದರಿ ಸಮೀಕ್ಷೆಯ ಪ್ರಕಾರ, 50 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿನ ಅಂಧತ್ವಕ್ಕೆ ಕಣ್ಣಿನ ಪೊರೆಯು ಶೇ. 66.2ರಷ್ಟು ಕಾರಣವಾಗಿತ್ತು. ಕಾರ್ನಿಯಾದ ಬಿಳುಪು ಶೇ. 8.2ರಷ್ಟು ಕಾರಣವಾಗಿದ್ದರೆ, ಪೊರೆಯ ಶಸ್ತ್ರಚಿಕಿತ್ಸೆಯ ತೊಡಕುಗಳು ಶೇ. 7.2ರಷ್ಟು ಕಾರಣವಾಗಿ ಮೂರನೆಯ ಸ್ಥಾನದಲ್ಲಿದ್ದವು. ಇವರೆಲ್ಲರೂ ಒಂದಲ್ಲ ಒಂದು ವರ್ಷದ ವರದಿಯಲ್ಲಿ ಸಾಧನೆಯ ಅಂಕಣದಲ್ಲಿ ಸೇರಿದ್ದವರೇ ಎಂಬುದನ್ನು ಗಮನಿಸಬೇಕು.

ನಾಲ್ಕನೆಯ ಅಂಶಕ್ಕೂ ಅದೇ ಸಮೀಕ್ಷೆಯಲ್ಲಿ ಉತ್ತರವಿದೆ. ಇದೇ ವಯೋಮಾನದ ಮಹಿಳೆಯರಲ್ಲಿ ಅಂಧತ್ವವು ಶೇ. 2.31, ಪುರುಷರಲ್ಲಿ ಶೇ. 1.67, ಗ್ರಾಮಾಂತರದಲ್ಲಿ ಶೇ. 2.14, ನಗರಗಳಲ್ಲಿ ಶೇ. 1.80, ಅನಕ್ಷರಸ್ಥರಲ್ಲಿ ಶೇ. 3.23, ಹತ್ತನೆಯ ತರಗತಿ ಹಾಗೂ ಅದಕ್ಕೂ ಹೆಚ್ಚು ಓದಿದವರಲ್ಲಿ ಶೇ. 0.43. ಊರು ಮತ್ತು ನಗರಗಳ ನಡುವಿನ ಅಂತರಕ್ಕಿಂತ ಓದಿದವರು ಮತ್ತು ಓದದವರ ನಡುವಿನ ಅಂತರವೇ ಬಹಳ ದೊಡ್ಡದು. ಸರಾಸರಿಯೊಂದನ್ನೇ ಪ್ರಕಟಿಸಿದ್ದರೆ ಈ ವ್ಯತ್ಯಾಸ ಬೆಳಕಿಗೆ ಬರುತ್ತಿರಲಿಲ್ಲ.

5. ಮೌಲ್ಯಮಾಪನದ ಮಾನದಂಡಗಳು

ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನಕ್ಕೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಅಭಿವೃದ್ಧಿ ನೆರವು ಸಮಿತಿಯು ನಿಗದಿಪಡಿಸಿದ ಮಾನದಂಡಗಳನ್ನು ವಿಶ್ವದಾದ್ಯಂತ ಬಳಸಲಾಗುತ್ತದೆ. 1991ರಲ್ಲಿ ಐದಾಗಿದ್ದ ಇವುಗಳನ್ನು 2019ರಲ್ಲಿ ಆರಕ್ಕೆ ಏರಿಸಲಾಯಿತು. ನೇತ್ರ ಯೋಜನೆಗೆ ಅನ್ವಯಿಸಿದಾಗ ಅವು ಈ ಕೆಳಕಂಡಂತಿವೆ.

* ಪ್ರಸ್ತುತತೆ: ಯೋಜನೆಯು ಜನರ ನಿಜವಾದ ಅಗತ್ಯಕ್ಕೆ ಹೊಂದುತ್ತದೆಯೇ? ಕನ್ನಡಕದ ಕೊರತೆ ಇರುವಲ್ಲಿ ಶಸ್ತ್ರಚಿಕಿತ್ಸೆಗೆ ಮಾತ್ರ ಹಣ ನೀಡಲಾಗಿದೆಯೇ?
* ಸುಸಂಗತತೆ: ಇತರ ಯೋಜನೆಗಳೊಡನೆ ಹೊಂದಾಣಿಕೆ ಇದೆಯೇ? ವಿಕಲಚೇತನರ ಸಬಲೀಕರಣ, ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಒಂದೇ ಫಲಾನುಭವಿಯನ್ನು ಮೂರು ಕಡೆ ಅಲೆಸುತ್ತಿವೆಯೇ?
* ಪರಿಣಾಮಕಾರಿತ್ವ: ಉದ್ದೇಶಿಸಿದ ಫಲ ಯಾರಿಗೆ, ಎಷ್ಟರ ಮಟ್ಟಿಗೆ ದೊರೆತಿದೆ?
* ದಕ್ಷತೆ: ವೆಚ್ಚಕ್ಕೆ ತಕ್ಕ ಫಲ ಬಂದಿದೆಯೇ?
* ಪ್ರಭಾವ: ದೃಷ್ಟಿ ಮರಳಿದವರ ದುಡಿಮೆ, ಓಡಾಟ ಮತ್ತು ಮನೆಯವರ ಬದುಕಿನಲ್ಲಿ ಬದಲಾವಣೆ ಆಗಿದೆಯೇ?
* ಸುಸ್ಥಿರತೆ: ಹೊರಗಿನ ನೆರವು ನಿಂತ ಮೇಲೂ ಸೇವೆ ಮುಂದುವರಿಯುತ್ತದೆಯೇ?

ಒಳಗೊಳ್ಳುವಿಕೆಯನ್ನು ಏಳನೆಯ ಪ್ರತ್ಯೇಕ ಮಾನದಂಡವನ್ನಾಗಿ ಕೊನೆಯಲ್ಲಿ ಸೇರಿಸುವುದಕ್ಕಿಂತ, ಆರರಲ್ಲಿ ಪ್ರತಿಯೊಂದನ್ನೂ "ಯಾರಿಗೆ?" ಎಂಬ ಪ್ರಶ್ನೆಯೊಡನೆ ಪರಿಶೀಲಿಸುವುದು ಉತ್ತಮ ಕ್ರಮವಾಗಿದೆ.

6. ಮಾಹಿತಿ ಸಂಗ್ರಹಣೆಯ ವಿಧಾನಗಳು

6.1 ಕ್ಷಿಪ್ರ ಸಮೀಕ್ಷೆ: ತಡೆಗಟ್ಟಬಹುದಾದ ಅಂಧತ್ವದ ಕ್ಷಿಪ್ರ ಸಮೀಕ್ಷೆಯಲ್ಲಿ 50 ವರ್ಷ ಮೇಲ್ಪಟ್ಟವರನ್ನು ಮಾತ್ರ ಪರೀಕ್ಷಿಸಲಾಗುತ್ತದೆ. ಅಂಧತ್ವದ ಬಹುಪಾಲು ಈ ವಯೋಮಾನದಲ್ಲಿಯೇ ಕಂಡುಬರುವುದರಿಂದ ಕಡಿಮೆ ವೆಚ್ಚದಲ್ಲಿ ಜಿಲ್ಲೆಯ ಸ್ಥಿತಿ ತಿಳಿಯುತ್ತದೆ. ಸಮೀಕ್ಷಕರು ಯಾದೃಚ್ಛಿಕವಾಗಿ ಆಯ್ದ ಊರು ಅಥವಾ ಬಡಾವಣೆಗಳಲ್ಲಿ ಮನೆಗೇ ಬರುವುದರಿಂದ ಆಸ್ಪತ್ರೆಗೆ ಎಂದೂ ಬಾರದವರೂ ಲೆಕ್ಕಕ್ಕೆ ಸಿಗುತ್ತಾರೆ. ಚಿಕಿತ್ಸೆ ಪಡೆಯದಿರಲು ಕಾರಣವೇನು ಎಂಬುದನ್ನೂ ಕೇಳಲಾಗುತ್ತದೆ. 2015-19ರ ಸಮೀಕ್ಷೆಯಲ್ಲಿ ಹಣದ ಅಡಚಣೆ ಮತ್ತು ಸ್ಥಳೀಯ ಕಾರಣಗಳು ಮುಖ್ಯವಾಗಿ ಕೇಳಿಬಂದವು.

6.2 ಆಸ್ಪತ್ರೆಯ ದಾಖಲೆಗಳು: ಹೊರರೋಗಿ ವಹಿ, ಶಸ್ತ್ರಚಿಕಿತ್ಸಾ ವಹಿ ಮತ್ತು ಕನ್ನಡಕ ವಿತರಣಾ ವಹಿಗಳಲ್ಲಿನ ನಮೂದುಗಳನ್ನು ಪರಸ್ಪರ ತಾಳೆ ನೋಡಲಾಗುತ್ತದೆ. ತಪಾಸಣೆಯಾದ ಮಹಿಳೆಯರ ಪಾಲಿಗಿಂತ ಶಸ್ತ್ರಚಿಕಿತ್ಸೆಯಾದ ಮಹಿಳೆಯರ ಪಾಲು ಕಡಿಮೆಯಿದ್ದರೆ, ಅವರು ಯಾವ ಹಂತದಲ್ಲಿ ಬಿಟ್ಟುಹೋದರು ಎಂಬುದು ಇದರಿಂದ ತಿಳಿಯುತ್ತದೆ.

6.3 ದೃಷ್ಟಿ ಫಲಿತಾಂಶ: ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಸೂಚಿಸಿದ ಮಟ್ಟದ ಪ್ರಕಾರ, ಶಸ್ತ್ರಚಿಕಿತ್ಸೆಯಾದ ಕಣ್ಣುಗಳಲ್ಲಿ ಶೇ. 80ಕ್ಕೂ ಹೆಚ್ಚಿನವುಗಳಿಗೆ, ರೋಗಿಯು ಬಳಸುತ್ತಿರುವ ಕನ್ನಡಕದೊಡನೆ, 6/18 ಅಥವಾ ಅದಕ್ಕೂ ಉತ್ತಮ ದೃಷ್ಟಿ ಇರಬೇಕು; 6/60ಕ್ಕಿಂತ ಕಡಿಮೆ ದೃಷ್ಟಿಯುಳ್ಳವು ಶೇ. 5ನ್ನು ಮೀರಬಾರದು. ಈಚೆಗೆ ಬಳಕೆಗೆ ಬಂದಿರುವ ಪರಿಣಾಮಕಾರಿ ಶಸ್ತ್ರಚಿಕಿತ್ಸಾ ವ್ಯಾಪ್ತಿ ಎಂಬ ಸೂಚ್ಯಂಕವು 6/12ರ ಮಟ್ಟವನ್ನು ಅನುಸರಿಸುತ್ತದೆ. ಚಿಕಿತ್ಸೆಯ ಅಗತ್ಯವಿದ್ದವರಲ್ಲಿ ಎಷ್ಟು ಮಂದಿ ಚಿಕಿತ್ಸೆ ಪಡೆದು ಉತ್ತಮ ದೃಷ್ಟಿಯನ್ನೂ ಹೊಂದಿದರು ಎಂಬುದನ್ನು ಅದು ತಿಳಿಸುತ್ತದೆ. ಇದನ್ನು 2030ರ ವೇಳೆಗೆ 30 ಪ್ರತಿಶತ ಅಂಶಗಳಷ್ಟು ಹೆಚ್ಚಿಸುವ ಜಾಗತಿಕ ಗುರಿಯನ್ನು 2021ರ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿತು.

6.4 ಪ್ರವೇಶ ಸೌಲಭ್ಯದ ತಪಾಸಣೆ: ಇಳಿಜಾರು ಹಾದಿ, ಕೈಹಿಡಿ, ಶೌಚಾಲಯ, ದೊಡ್ಡ ಅಕ್ಷರದ ಫಲಕ, ಸಂಜ್ಞಾ ಭಾಷೆಯ ನೆರವು, ಕುಳಿತುಕೊಳ್ಳುವ ವ್ಯವಸ್ಥೆ ಇವುಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಲಾಗುತ್ತದೆ. ಈ ತಪಾಸಣೆಯಲ್ಲಿ ವಿಕಲಚೇತನರ ಸಂಘಟನೆಗಳ ಸದಸ್ಯರು ಭಾಗವಹಿಸುವುದು ಅಪೇಕ್ಷಣೀಯ. ಹೆಚ್ಚು ಕಡಿದಾದ ಇಳಿಜಾರು ಕಾಗದದ ಮೇಲೆ ಸೌಲಭ್ಯವೆನಿಸಿದರೂ ಗಾಲಿಕುರ್ಚಿಯವರಿಗೆ ಅಪಾಯಕಾರಿ ಎಂಬುದನ್ನು ಬಳಸುವವರೇ ತಿಳಿಸಬಲ್ಲರು.

7. ಆರು ಪ್ರಶ್ನೆಗಳು

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಹಾಗೂ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆದರೆ "ನೀವು ವಿಕಲಚೇತನರೇ?" ಎಂದು ನೇರವಾಗಿ ಕೇಳಿದಾಗ ಸಂಕೋಚದಿಂದಲೋ, ಇದು ವಯಸ್ಸಿನ ಸಹಜ ತೊಂದರೆ ಎಂಬ ಭಾವನೆಯಿಂದಲೋ ಅನೇಕರು ಇಲ್ಲವೆನ್ನುತ್ತಾರೆ. ಈ ಕಾರಣದಿಂದ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗದಡಿ 2001ರಲ್ಲಿ ರಚಿತವಾದ ವಾಷಿಂಗ್ಟನ್ ಗುಂಪು ಸಿದ್ಧಪಡಿಸಿದ ಆರು ಪ್ರಶ್ನೆಗಳನ್ನು ಬಳಸಲಾಗುತ್ತದೆ. ಅವು ನೋಡುವುದು, ಕೇಳುವುದು, ನಡೆಯುವುದು, ನೆನಪು ಮತ್ತು ಏಕಾಗ್ರತೆ, ಸ್ವಂತ ಆರೈಕೆ, ಸಂವಹನ ಇವುಗಳಲ್ಲಿನ ತೊಂದರೆಗೆ ಸಂಬಂಧಿಸಿವೆ. ತೊಂದರೆ ಇಲ್ಲ, ಸ್ವಲ್ಪ ತೊಂದರೆ, ಬಹಳ ತೊಂದರೆ, ಸಾಧ್ಯವೇ ಇಲ್ಲ ಎಂಬ ನಾಲ್ಕರಲ್ಲಿ ಒಂದು ಉತ್ತರವನ್ನು ನೀಡಬೇಕು. ಯಾವುದಾದರೂ ಒಂದಕ್ಕೆ ಕೊನೆಯ ಎರಡು ಉತ್ತರಗಳಲ್ಲಿ ಒಂದು ಬಂದರೆ ಆ ವ್ಯಕ್ತಿಯನ್ನು ವಿಕಲಚೇತನರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಭೋಪಾಲ್ ನಗರದ ಕೊಳಗೇರಿಗಳಲ್ಲಿ ಸೈಟ್‌ಸೇವರ್ಸ್ ಸಂಸ್ಥೆಯ ಬೆಂಬಲದ ನೇತ್ರ ಯೋಜನೆಯಲ್ಲಿ 2010ರ ದಶಕದಲ್ಲಿ ಈ ಪ್ರಶ್ನೆಗಳನ್ನು ಬಳಸಲಾಗಿದೆ.

ನೇತ್ರ ಯೋಜನೆಗಳಲ್ಲಿ ಇದನ್ನು ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಕಣ್ಣಿನ ಪೊರೆಗೆಂದು ಬಂದವರಲ್ಲಿ ಬಹುತೇಕರು ನೋಡಲು ಬಹಳ ತೊಂದರೆ ಇದೆ ಎಂದೇ ಹೇಳುತ್ತಾರೆ. ಅವರೆಲ್ಲರನ್ನೂ ಸೇರಿಸಿದರೆ ಯೋಜನೆಯು ಅಪಾರ ಸಂಖ್ಯೆಯ ವಿಕಲಚೇತನರನ್ನು ತಲುಪಿದಂತೆ ಕಾಣುತ್ತದೆ. ಕೇಳಲಾಗದವರು, ನಡೆಯಲಾಗದವರು ನಿಜವಾಗಿ ಬಂದರೇ ಎಂಬುದು ಅದರಡಿ ಮುಚ್ಚಿಹೋಗುತ್ತದೆ. ಆದ್ದರಿಂದ ನೋಡುವ ಪ್ರಶ್ನೆಯನ್ನು ಸೇರಿಸಿ ಒಂದು, ಅದನ್ನು ಬಿಟ್ಟು ಇನ್ನೊಂದು ಎಂದು ಎರಡು ಲೆಕ್ಕಗಳನ್ನು ನೀಡಬೇಕು. ಎರಡನೆಯ ಲೆಕ್ಕವನ್ನು ಅದೇ ಪ್ರದೇಶದ, ಅದೇ ವಯೋಮಾನದ ಜನರಲ್ಲಿನ ಪ್ರಮಾಣದೊಡನೆ ಹೋಲಿಸಬೇಕು. ಆಸ್ಪತ್ರೆಗೆ ಬಂದವರಲ್ಲಿ ಆ ಪ್ರಮಾಣ ಕಡಿಮೆಯಿದ್ದರೆ ಬಾಗಿಲು ಎಲ್ಲರಿಗೂ ತೆರೆದಿಲ್ಲವೆಂದು ತಿಳಿಯಬೇಕು.

8. ವೆಚ್ಚ ಮತ್ತು ಫಲದ ಲೆಕ್ಕ

ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ವಿವರಿಸಬಹುದು. ಮೊದಲನೆಯ ಯೋಜನೆಯು 20 ಲಕ್ಷ ರೂಪಾಯಿಗಳಲ್ಲಿ 1,000 ಶಸ್ತ್ರಚಿಕಿತ್ಸೆ ನಡೆಸಿತು. ತಲಾ ವೆಚ್ಚ 2,000 ರೂಪಾಯಿ. ಎರಡನೆಯದು ಅದೇ ಮೊತ್ತದಲ್ಲಿ 800 ಶಸ್ತ್ರಚಿಕಿತ್ಸೆ ನಡೆಸಿತು. ತಲಾ ವೆಚ್ಚ 2,500 ರೂಪಾಯಿ. ಇಷ್ಟನ್ನೇ ನೋಡಿದರೆ ಮೊದಲನೆಯದೇ ಮೇಲು. ಆದರೆ ಮೊದಲನೆಯದರಲ್ಲಿ 600 ಕಣ್ಣುಗಳಿಗೆ, ಎರಡನೆಯದರಲ್ಲಿ 720 ಕಣ್ಣುಗಳಿಗೆ ಉತ್ತಮ ದೃಷ್ಟಿ ಬಂದಿದ್ದರೆ, ಉತ್ತಮ ಫಲವೊಂದಕ್ಕೆ ತಗುಲಿದ ವೆಚ್ಚ ಕ್ರಮವಾಗಿ 3,333 ಮತ್ತು 2,778 ರೂಪಾಯಿಗಳಾಗುತ್ತವೆ. ಎರಡನೆಯ ಯೋಜನೆಯು ವಾಹನ, ಸಂಜ್ಞಾ ಭಾಷೆಯ ನೆರವು ಮತ್ತು ಮರುತಪಾಸಣೆಗೆ ಹಣ ವ್ಯಯಿಸಿದ್ದರಿಂದ ಅದರ ತಲಾ ವೆಚ್ಚ ಹೆಚ್ಚಾಗಿರಬಹುದು. ಬಿಟ್ಟುಹೋದವರನ್ನು ತಲುಪಲು ತಗಲುವ ಹೆಚ್ಚುವರಿ ವೆಚ್ಚವನ್ನು ದುಂದುವೆಚ್ಚವೆಂದು ಎಣಿಸುವ ಮೌಲ್ಯಮಾಪನವು ಸುಲಭವಾಗಿ ಸಿಗುವ ರೋಗಿಗಳನ್ನು ಮಾತ್ರ ಹುಡುಕುವಂತೆ ಆಸ್ಪತ್ರೆಗಳನ್ನು ಪ್ರೇರೇಪಿಸುತ್ತದೆ.

9. ಅಂಕಿಅಂಶಗಳ ಹೋಲಿಕೆಯಲ್ಲಿ ಎಚ್ಚರಿಕೆ

ದೇಶದಲ್ಲಿ ಅಂಧತ್ವದ ಪ್ರಮಾಣವು 1986-89ರಲ್ಲಿ ಶೇ. 1.49, 2001-02ರಲ್ಲಿ ಶೇ. 1.1, 2006-07ರಲ್ಲಿ ಶೇ. 1.0 ಹಾಗೂ 2015-19ರಲ್ಲಿ ಶೇ. 0.36 ಎಂದು ದಾಖಲಾಗಿದೆ. ಇವುಗಳಲ್ಲಿ ಕೊನೆಯದನ್ನು ಹಿಂದಿನವುಗಳೊಡನೆ ನೇರವಾಗಿ ಹೋಲಿಸುವಂತಿಲ್ಲ. ಮೊದಲು 6/60ಕ್ಕಿಂತ ಕಡಿಮೆ ದೃಷ್ಟಿಯನ್ನು, ಅಂದರೆ ಸಾಮಾನ್ಯ ದೃಷ್ಟಿಯವರು 60 ಮೀಟರ್ ದೂರದಿಂದ ಕಾಣುವುದನ್ನು 6 ಮೀಟರ್ ದೂರದಿಂದಲೂ ಕಾಣಲಾಗದ ಸ್ಥಿತಿಯನ್ನು, ಅಂಧತ್ವವೆಂದು ಪರಿಗಣಿಸಲಾಗುತ್ತಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಗೆ ಅನುಗುಣವಾಗಿ ಇದನ್ನು 3/60ಕ್ಕಿಂತ ಕಡಿಮೆ ಎಂದು ಬದಲಾಯಿಸಲಾಯಿತು. ಹೊಸ ವ್ಯಾಖ್ಯೆಯನ್ನೇ ಅನ್ವಯಿಸಿದರೆ 2006-07ರ ಪ್ರಮಾಣ ಶೇ. 0.68 ಆಗುತ್ತದೆ. ಅಲ್ಲಿಂದ ಶೇ. 0.36ಕ್ಕೆ ಇಳಿದಿರುವುದು ಸುಮಾರು ಶೇ. 47ರಷ್ಟು ಇಳಿಕೆ. ಶೇ. 1.0ರಿಂದ ಲೆಕ್ಕ ಹಾಕಿದರೆ ಶೇ. 64 ಎಂದು ತಪ್ಪಾಗಿ ತೋರುತ್ತದೆ. ನಿಜವಾದ ಇಳಿಕೆಯೇ ಗಣನೀಯವಾಗಿರುವಾಗ ಉತ್ಪ್ರೇಕ್ಷೆಯ ಅಗತ್ಯವಿಲ್ಲ. ಅಲ್ಲದೆ 6/60 ಮತ್ತು 3/60ರ ನಡುವಿನ ದೃಷ್ಟಿಯುಳ್ಳವರು ಅಂಧರ ಪಟ್ಟಿಯಿಂದ ಹೊರಗುಳಿದರೂ ಅವರಿಗೆ ಸೇವೆಯ ಅಗತ್ಯ ಮೊದಲಿನಷ್ಟೇ ಇದೆ.

10. ಸೇವೆ ಕೋರುವವರು ಗಮನಿಸಬೇಕಾದ ಅಂಶಗಳು

* ನೋಂದಣಿಯ ಸಮಯದಲ್ಲಿ ಹೆಸರು, ವಯಸ್ಸು ಮತ್ತು ಊರನ್ನು ಸರಿಯಾಗಿ ತಿಳಿಸುವುದು. ಮೊದಲು ಇನ್ನೊಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದ್ದಲ್ಲಿ ಅದನ್ನೂ ತಿಳಿಸುವುದು.
* ಕೇಳುವ, ನಡೆಯುವ ಅಥವಾ ಮಾತನಾಡುವ ತೊಂದರೆ ಇದ್ದಲ್ಲಿ ಮುಂಚಿತವಾಗಿಯೇ ತಿಳಿಸಿ ಅಗತ್ಯವಾದ ನೆರವನ್ನು ಕೋರುವುದು.
* ಶಸ್ತ್ರಚಿಕಿತ್ಸೆಗೆ ಮುಂಚಿನ ಮತ್ತು ನಂತರದ ದೃಷ್ಟಿಯ ಅಳತೆಯನ್ನು ಬಿಡುಗಡೆ ಪತ್ರದಲ್ಲಿ ನಮೂದಿಸುವಂತೆ ಕೇಳುವುದು ಹಾಗೂ ಆ ಪತ್ರವನ್ನು ಜೋಪಾನವಾಗಿಡುವುದು.
* ಸೂಚಿಸಿದ ದಿನದಂದು ಮರುತಪಾಸಣೆಗೆ ತಪ್ಪದೆ ಹಾಜರಾಗುವುದು. ಕನ್ನಡಕದ ಅಗತ್ಯವು ಸಾಮಾನ್ಯವಾಗಿ ಆಗಲೇ ನಿರ್ಧಾರವಾಗುತ್ತದೆ.
* ನೋವು, ಕೆಂಪು ಅಥವಾ ದೃಷ್ಟಿ ಇಳಿಕೆ ಕಂಡುಬಂದಲ್ಲಿ ನಿಗದಿತ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗುವುದು.
* ಮನೆಗೆ ಬರುವ ಸಮೀಕ್ಷಕರಿಗೆ, ಹಾಸಿಗೆ ಹಿಡಿದವರೂ ಸೇರಿದಂತೆ ಮನೆಯಲ್ಲಿರುವ ಎಲ್ಲರ ವಿವರವನ್ನು ನೀಡುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆರು ಪ್ರಶ್ನೆಗಳಿಗೆ ಉತ್ತರಿಸದಿದ್ದರೆ ಚಿಕಿತ್ಸೆ ನಿರಾಕರಿಸಬಹುದೇ?
ಉತ್ತರ: ಮೌಲ್ಯಮಾಪನದ ತತ್ತ್ವದಂತೆ ಉತ್ತರಿಸುವುದು ಐಚ್ಛಿಕ. ಅದನ್ನು ಚಿಕಿತ್ಸೆಗೆ ಷರತ್ತನ್ನಾಗಿ ಮಾಡತಕ್ಕದ್ದಲ್ಲ. ವರದಿಯಲ್ಲಿ ಒಟ್ಟು ಸಂಖ್ಯೆಗಳನ್ನು ಮಾತ್ರ ನೀಡಬೇಕು, ವ್ಯಕ್ತಿಗಳ ಹೆಸರನ್ನಲ್ಲ.

ಪ್ರಶ್ನೆ: ಬಹಳ ತೊಂದರೆ ಎಂದು ಉತ್ತರಿಸಿದರೆ ವಿಕಲಚೇತನರ ಗುರುತಿನ ಚೀಟಿ ದೊರೆಯುವುದೇ?
ಉತ್ತರ: ಇಲ್ಲ. ಈ ಪ್ರಶ್ನೆಗಳು ಅಂಕಿಅಂಶಗಳಿಗಾಗಿ ಮಾತ್ರ. ವಿಶಿಷ್ಟ ಗುರುತಿನ ಚೀಟಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ ವೈದ್ಯಕೀಯ ಪರೀಕ್ಷೆಗೆ ಒಳಗಾಗಬೇಕು. 2016ರ ಅಧಿನಿಯಮದಡಿ ಉತ್ತಮ ಕಣ್ಣಿನಲ್ಲಿ, ಸಾಧ್ಯವಿರುವ ಅತ್ಯುತ್ತಮ ಸರಿಪಡಿಕೆಯ ನಂತರವೂ, 3/60ಕ್ಕಿಂತ ಕಡಿಮೆ ದೃಷ್ಟಿ ಅಥವಾ 10 ಡಿಗ್ರಿಗಿಂತ ಕಡಿಮೆ ದೃಷ್ಟಿಕ್ಷೇತ್ರವನ್ನು ಅಂಧತ್ವವೆಂದು ಪರಿಗಣಿಸಲಾಗುತ್ತದೆ.

ಪ್ರಶ್ನೆ: ಯೋಜನೆಯ ಮೌಲ್ಯಮಾಪನ ವರದಿಯನ್ನು ಸಾರ್ವಜನಿಕರು ಪಡೆಯಬಹುದೇ?
ಉತ್ತರ: ಸರ್ಕಾರಿ ಯೋಜನೆಯ ವರದಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಿಸಿದ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

ಪ್ರಶ್ನೆ: ವರದಿಯಲ್ಲಿ ಮೊದಲು ಏನನ್ನು ನೋಡಬೇಕು?
ಉತ್ತರ: ಮಹಿಳೆಯರು ಮತ್ತು ವಿಕಲಚೇತನರ ಪ್ರತ್ಯೇಕ ಲೆಕ್ಕ ಇದೆಯೇ, ದೃಷ್ಟಿ ಫಲಿತಾಂಶವನ್ನು ಅಳೆಯಲಾಗಿದೆಯೇ, ಮರುತಪಾಸಣೆಗೆ ಬಾರದವರು ಎಷ್ಟು ಮಂದಿ ಎಂಬ ಮೂರನ್ನು ನೋಡುವುದು. ಬಂದವರ ಫಲಿತಾಂಶವನ್ನು ಮಾತ್ರ ನೀಡಿ ಬಾರದವರ ಬಗ್ಗೆ ಮೌನವಾಗಿರುವ ವರದಿಯು ಅಪೂರ್ಣ.

ನೇತ್ರ ತಪಾಸಣೆ, ಶಸ್ತ್ರಚಿಕಿತ್ಸೆ ಹಾಗೂ ಕನ್ನಡಕ ವಿತರಣೆಯ ಕುರಿತ ಹೆಚ್ಚಿನ ಮಾಹಿತಿಗಾಗಿ ಆಶಾ ಕಾರ್ಯಕರ್ತೆಯರನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ನೇತ್ರ ವಿಭಾಗವನ್ನು ಸಂಪರ್ಕಿಸುವುದು.